ಎಮ್ಮಾ ರಾಡುಕಾನು: ಮೊದಲ ವರ್ಷಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟೆನಿಸ್ ಮಾತು ಬಂದಾಗ ಈ ಹುಡುಗಿಯ ಹೆಸರು ಬಂದೇ ಬರುತ್ತದೆ. ಬಂದ ಕೂಡಲೇ ಎರಡು ಪಕ್ಷ ಆಗಿಬಿಡುತ್ತದೆ. ಒಂದು ಪಕ್ಷಕ್ಕೆ ಅವಳು ಪವಾಡ, ಇನ್ನೊಂದಕ್ಕೆ ಜಾಹೀರಾತಿನ ಗೊಂಬೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಜನ ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಟೆನಿಸ್ ಅಷ್ಟಾಗಿ ಗೊತ್ತಿಲ್ಲದವರು ಮೇಲಿನಿಂದ ಓದಿ, ಗೊತ್ತಿರುವವರು ಸೀದಾ ಕೊನೆಯ ಭಾಗಕ್ಕೆ ಹೋದರೂ ಅಡ್ಡಿಯಿಲ್ಲ.

## ಮೊದಲಿಗೆ ಪರಿಚಯ

ಯಾರಪ್ಪಾ ಈ ಎಮ್ಮಾ ರಾಡುಕಾನು? ನಾಲ್ಕು ಸಾಲಲ್ಲಿ ಹೇಳಿ.

ಬ್ರಿಟನ್ನಿನ ಟೆನಿಸ್ ಆಟಗಾರ್ತಿ. ಹುಟ್ಟಿದ್ದು 13 ನವೆಂಬರ್ 2002. ಹದಿನೆಂಟನೇ ವಯಸ್ಸಿನಲ್ಲಿ, 2021ರ ಸೆಪ್ಟೆಂಬರ್‌ನಲ್ಲಿ, ಯುಎಸ್ ಓಪನ್ ಗೆದ್ದಳು. ಅದೂ ಅರ್ಹತಾ ಸುತ್ತಿನಿಂದ, ಅಂದರೆ ಮುಖ್ಯ ಟೂರ್ನಿಯಲ್ಲಿ ಜಾಗ ಗಿಟ್ಟಿಸಲು ಮೊದಲೇ ನಡೆಯುವ ಪಂದ್ಯಗಳಿಂದ, ಆಡಿಕೊಂಡು ಬಂದು. ಹಾಗೆ ಬಂದವರು ಗ್ರ್ಯಾಂಡ್ ಸ್ಲ್ಯಾಮ್ (ಆಸ್ಟ್ರೇಲಿಯನ್, ಫ್ರೆಂಚ್, ವಿಂಬಲ್ಡನ್, ಯುಎಸ್ ಈ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದು) ಸಿಂಗಲ್ಸ್ ಗೆದ್ದದ್ದು ಓಪನ್ ಯುಗದಲ್ಲಿ, ಅಂದರೆ ವೃತ್ತಿಪರರಿಗೂ ಬಾಗಿಲು ತೆರೆದ 1968ರಿಂದ ಈಚೆಗೆ, ಅದೇ ಮೊದಲು. ಗಂಡಸರಲ್ಲೂ ಅಲ್ಲಿವರೆಗೆ ಯಾರೂ ಮಾಡಿರಲಿಲ್ಲ.

ಹೆಸರು ರೊಮೇನಿಯಾದ್ದು, ಮಾತಾಡೋದು ಚೀನೀ ಭಾಷೆ, ಹುಟ್ಟಿದ್ದು ಕೆನಡಾ. ಮತ್ತೆ ಬ್ರಿಟಿಷ್ ಹೇಗೆ?

ಅಪ್ಪ ರೊಮೇನಿಯಾದ ಬುಕಾರೆಸ್ಟ್‌ನವರು. ಅಮ್ಮ ಚೀನಾದ ಶೆನ್‌ಯಾಂಗ್‌ನವರು. ಇಬ್ಬರದೂ ಹಣಕಾಸು ಕ್ಷೇತ್ರದ ಕೆಲಸ. ಮಗಳು ಹುಟ್ಟಿದ್ದು ಕೆನಡಾದ ಟೊರಾಂಟೋದಲ್ಲಿ. ಅವಳಿಗೆ ಎರಡು ವರ್ಷ ಆದಾಗ ಮನೆಯವರು ಇಂಗ್ಲೆಂಡಿಗೆ ಬಂದು ನೆಲೆಸಿದರು. ಬೆಳೆದದ್ದೆಲ್ಲ ಆಗ್ನೇಯ ಲಂಡನ್ನಿನ ಬ್ರಾಮ್ಲಿಯಲ್ಲಿ, ರಾಕೆಟ್ ಹಿಡಿದದ್ದೂ ಅಲ್ಲೇ, ಜೂನಿಯರ್ ಆಗಿ ಆಡಿದ್ದೂ ಬ್ರಿಟನ್ ಪರವಾಗಿಯೇ.

ಅಜ್ಜಿ ಬುಕಾರೆಸ್ಟ್‌ನಲ್ಲಿ ಇದ್ದದ್ದರಿಂದ ಅಲ್ಲಿಗೂ ಹೋಗಿಬರುತ್ತಿದ್ದಳು. ಯುಎಸ್ ಓಪನ್ ಗೆದ್ದ ಮೇಲೆ ಚೀನಾದ ಅಭಿಮಾನಿಗಳಿಗೆ ಮ್ಯಾಂಡರಿನ್‌ನಲ್ಲೇ ಧನ್ಯವಾದ ಹೇಳಿದ ವಿಡಿಯೋ ಎಲ್ಲ ಕಡೆ ಓಡಾಡಿತು. ಅದನ್ನು ನೋಡಿಯೇ ಈ ಪ್ರಶ್ನೆ ಕೇಳುವವರು ಜಾಸ್ತಿ.

ಚಿಕ್ಕಂದಿನಿಂದ ಬರೀ ಟೆನಿಸ್ಸೇನಾ?

ಇಲ್ಲ. ಐದನೇ ವಯಸ್ಸಿಗೆ ಟೆನಿಸ್ ಶುರು ಮಾಡಿದಳು ನಿಜ. ಜೊತೆಗೆ ಬ್ಯಾಲೆ, ಕುದುರೆ ಸವಾರಿ, ಗೋ ಕಾರ್ಟಿಂಗ್, ಮೋಟೋಕ್ರಾಸ್, ಬ್ಯಾಸ್ಕೆಟ್‌ಬಾಲ್ ಎಲ್ಲ ಇತ್ತು. ಮಗಳು ತುಂಬಾ ನಾಚಿಕೆ ಸ್ವಭಾವದವಳು ಅಂತ ತಂದೆ ತಾಯಿ ಕಂಡ ಕಂಡ ಕಡೆ ಸೇರಿಸಿದರಂತೆ. ಕಾರು ಬೈಕಿನ ಹುಚ್ಚು ಆಮೇಲೂ ಹೋಗಿಲ್ಲ.

ಹದಿಮೂರು ತುಂಬಿ ಎಂಟೇ ದಿನಕ್ಕೆ ಲಿವರ್‌ಪೂಲ್‌ನಲ್ಲಿ 18 ವರ್ಷದೊಳಗಿನವರ ಐಟಿಎಫ್ (ಅಂತಾರಾಷ್ಟ್ರೀಯ ಟೆನಿಸ್ ಒಕ್ಕೂಟ) ಟೂರ್ನಿ ಗೆದ್ದಳು. ಹಾಗಾಗಿ 2021ರಲ್ಲಿ ಎಲ್ಲಿಂದಲೋ ದಿಢೀರ್ ಅಂತ ಉದುರಿ ಬಂದವಳಲ್ಲ. ಬ್ರಿಟನ್ನಿನಲ್ಲಿ ಟೆನಿಸ್ ನೋಡುವವರಿಗೆ ಹೆಸರು ಗೊತ್ತಿತ್ತು. 2018ರಲ್ಲಿ ವಿಂಬಲ್ಡನ್ ಬಾಲಕಿಯರ ಕ್ವಾರ್ಟರ್ ಫೈನಲ್‌ವರೆಗೂ ಹೋಗಿದ್ದಳು. ಅಲ್ಲಿ 6-0, 6-1ರಲ್ಲಿ ಬಡಿದು ಕಳಿಸಿದ್ದು ಯಾರು ಗೊತ್ತಾ? ಮುಂದೆ ವಿಶ್ವದ ನಂಬರ್ ಒನ್ ಆದ ಇಗಾ ಶ್ವಿಯಾಂಟೆಕ್.

ಓದು ಅರ್ಧಕ್ಕೆ ಬಿಟ್ಟಳಾ?

ಬಿಡಲಿಲ್ಲ, ಅದೇ ವಿಶೇಷ. ಓದಿದ್ದು ಆರ್ಪಿಂಗ್ಟನ್‌ನ ನ್ಯೂಸ್ಟೆಡ್ ವುಡ್ ಶಾಲೆಯಲ್ಲಿ. ಪ್ರವೇಶ ಪರೀಕ್ಷೆ ಬರೆದು ಸೇರಬೇಕಾದ ಶಾಲೆ ಅದು. 2021ರಲ್ಲಿ ಎ ಲೆವೆಲ್ ಪರೀಕ್ಷೆಯಲ್ಲಿ, ಅಂದರೆ ನಮ್ಮ ಪಿಯುಸಿ ಮಟ್ಟ ಅಂದುಕೊಳ್ಳಿ, ಗಣಿತದಲ್ಲಿ ಎ ಸ್ಟಾರ್, ಅರ್ಥಶಾಸ್ತ್ರದಲ್ಲಿ ಎ ಬಂತು. ಫಲಿತಾಂಶ ಬಂದದ್ದು ಆಗಸ್ಟ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ಯುಎಸ್ ಓಪನ್.

ಈ ಓದಿನ ವಿಷಯ ಬರೀ ಮೆಚ್ಚುಗೆಗೆ ಹೇಳುತ್ತಿಲ್ಲ. ಅವಳ ವಯಸ್ಸಿನ ಎಷ್ಟೋ ಹುಡುಗಿಯರು ಶಾಲೆ ಬಿಟ್ಟು ಅಥವಾ ಮನೆಪಾಠ ಮಾಡಿಕೊಂಡು ವರ್ಷವಿಡೀ ಟೂರ್ನಿ ಆಡುತ್ತಿದ್ದರು. ಇವಳು ಆಡಲಿಲ್ಲ. ಮೇಲೆ ಕೊರೋನಾ ಬೇರೆ. 2020ರ ಮಾರ್ಚ್‌ನಿಂದ 2021ರ ಬೇಸಿಗೆವರೆಗೆ ದೊಡ್ಡ ಪಂದ್ಯಗಳೇ ಇಲ್ಲ ಅನ್ನಬಹುದು. ದೇಹಕ್ಕೆ ವರ್ಷವಿಡೀ ಆಡಿ ಅಭ್ಯಾಸವೇ ಆಗಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯ ಭಾಗದಲ್ಲಿ ಬೇಕಾಗುತ್ತದೆ.

ನಮ್ಮ ದೇಶದಲ್ಲೂ ಆಡಿದ್ದಾಳೆ ಅಂತಾರೆ, ನಿಜಾನಾ ಸುಮ್ನೆನಾ?

ನಿಜ. 2019ರ ಡಿಸೆಂಬರ್‌ನಲ್ಲಿ ಪುಣೆಗೆ ಬಂದಿದ್ದಳು. ಡೆಕ್ಕನ್ ಜಿಮ್ಖಾನಾದಲ್ಲಿ ನಡೆದ 25 ಸಾವಿರ ಡಾಲರ್‌ನ ಐಟಿಎಫ್ ಟೂರ್ನಿ. ಫೈನಲ್‌ನಲ್ಲಿ ಬ್ರಿಟನ್ನಿನವಳೇ ಆದ ನೈಕ್ತಾ ಬೇನ್ಸ್‌ಳನ್ನು ಸೋಲಿಸಿ ಟ್ರೋಫಿ ಎತ್ತಿದಳು. ಹಿರಿಯರ ಮಟ್ಟದಲ್ಲಿ ಅವಳು ಅಲ್ಲಿವರೆಗೆ ಗೆದ್ದದ್ದರಲ್ಲಿ ಅದೇ ದೊಡ್ಡದು. ಅದಾದ ಮೇಲೆ ಅಂತಾರಾಷ್ಟ್ರೀಯ ಸಿಂಗಲ್ಸ್‌ನಲ್ಲಿ ಗೆದ್ದ ಮುಂದಿನ ಟ್ರೋಫಿ ಅಂದರೆ ಯುಎಸ್ ಓಪನ್. ನಡುವೆ ಇನ್ನೊಂದಿಲ್ಲ!

25 ಸಾವಿರ ಅನ್ನೋದು ಇಡೀ ಟೂರ್ನಿಯ ಒಟ್ಟು ಬಹುಮಾನ, ಗೆದ್ದವರ ಕೈಗೆ ಸಿಗೋದು ಅದರಲ್ಲಿ ಒಂದು ಪಾಲು ಮಾತ್ರ. ಕೋಚ್, ವಿಮಾನ, ಹೋಟೆಲ್ ಖರ್ಚು ಕಳೆದರೆ ಏನೂ ಉಳಿಯಲ್ಲ. ನೋಡಲು ಜನವೂ ಹೆಚ್ಚು ಇರಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿರುವ ಕೆಎಸ್‌ಎಲ್‌ಟಿಎ (ರಾಜ್ಯ ಲಾನ್ ಟೆನಿಸ್ ಸಂಸ್ಥೆ) ಅಂಗಳದಲ್ಲೂ ಇದೇ ಐಟಿಎಫ್ ಮೆಟ್ಟಿಲಿನ ಮಹಿಳಾ ಟೂರ್ನಿಗಳು ನಡೆಯುತ್ತವೆ. ಇನ್ನೊಮ್ಮೆ ನಡೆದಾಗ ಹೋಗಿ ಕೂತು ನೋಡಿ. ಟಿವಿಯಲ್ಲಿ ಕಾಣದ ಟೆನಿಸ್ ಅದು. ಬೇಲಿಯ ಪಕ್ಕ ನಿಂತರೆ ಆಟಗಾರ್ತಿ ತನಗೆ ತಾನೇ ಬೈದುಕೊಳ್ಳೋದೂ ಕೇಳಿಸುತ್ತದೆ.

## 2021ರ ಬೇಸಿಗೆ

338ನೇ ರ‍್ಯಾಂಕಿನವಳನ್ನ ವಿಂಬಲ್ಡನ್ ಒಳಗೆ ಹೇಗೆ ಬಿಟ್ಟರು? ಶಿಫಾರಸಾ?

ವೈಲ್ಡ್ ಕಾರ್ಡ್. ರ‍್ಯಾಂಕ್ ಸಾಲದಿದ್ದರೂ ಟೂರ್ನಿ ನಡೆಸುವವರು ಕೆಲವರಿಗೆ ನೇರ ಪ್ರವೇಶ ಕೊಡಬಹುದು. ಎಲ್ಲ ದೇಶದವರೂ ತಮ್ಮ ಮಕ್ಕಳಿಗೆ ಕೊಟ್ಟುಕೊಳ್ಳುತ್ತಾರೆ. ಇವಳಿಗೆ ಮೊದಲು ಸಿಕ್ಕಿದ್ದು ಅರ್ಹತಾ ಸುತ್ತಿನ ಕಾರ್ಡ್, ಆಮೇಲೆ ಅದನ್ನು ಮುಖ್ಯ ಸುತ್ತಿಗೆ ಏರಿಸಿದರು. ಅದಕ್ಕೆ ಕೆಲವು ವಾರ ಮೊದಲು ನಾಟಿಂಗ್‌ಹ್ಯಾಮ್‌ನಲ್ಲಿ ಡಬ್ಲ್ಯುಟಿಎ (ವೃತ್ತಿಪರ ಮಹಿಳಾ ಟೆನಿಸ್‌ನ ಮೇಲಿನ ಮೆಟ್ಟಿಲು) ಮಟ್ಟದ ತನ್ನ ಮೊದಲ ಪಂದ್ಯ ಆಡಿ ಹ್ಯಾರಿಯೆಟ್ ಡಾರ್ಟ್‌ಗೆ ಸೋತಿದ್ದಳು. ಹಾಗಾಗಿ ಗೊಣಗಿದವರೂ ಇದ್ದರು.

ಆಮೇಲೆ ಗೊಣಗಾಟ ನಿಂತಿತು. ವಿಟಾಲಿಯಾ ಡಿಯಾಚೆಂಕೊ, ಮಾರ್ಕೆಟಾ ವೊಂಡ್ರೊಶೋವಾ, ಸೊರಾನಾ ಕಿರ್ಸ್ಟಿಯಾ, ಮೂವರನ್ನೂ ಒಂದು ಸೆಟ್ ಕೂಡ ಬಿಡದೆ ಸೋಲಿಸಿ ನಾಲ್ಕನೇ ಸುತ್ತಿಗೆ ಬಂದಳು. ಓಪನ್ ಯುಗದಲ್ಲಿ ವಿಂಬಲ್ಡನ್ನಿನ ಕೊನೆಯ ಹದಿನಾರಕ್ಕೆ ಬಂದ ಅತಿ ಕಿರಿಯ ಬ್ರಿಟಿಷ್ ಮಹಿಳೆ. ಅಂದಹಾಗೆ ಆ ವೊಂಡ್ರೊಶೋವಾ 2023ರಲ್ಲಿ ವಿಂಬಲ್ಡನ್ನನ್ನೇ ಗೆದ್ದಳು.

ನಾಲ್ಕನೇ ಸುತ್ತಲ್ಲಿ ಉಸಿರು ಕಟ್ಟಿ ಹೊರಗೆ ಹೋದಳಲ್ಲ, ಹೆದರಿದ್ದಾ ಅದು?

ಐಲಾ ಟೊಮ್ಲಿಯಾನೊವಿಚ್ ವಿರುದ್ಧದ ಪಂದ್ಯ. ಒಂದನೇ ನಂಬರ್ ಅಂಗಳ. ಅದಕ್ಕೆ ಮೊದಲಿನ ಪಂದ್ಯ ಉದ್ದ ಎಳೆದು, ಇವರದ್ದು ಶುರುವಾಗುವಾಗ ಸಂಜೆ ತುಂಬಾ ಹೊತ್ತಾಗಿತ್ತು. ಮೊದಲ ಸೆಟ್ 4-6 ಹೋಯಿತು, ಎರಡನೆಯದರಲ್ಲಿ 0-3. ಉಸಿರಾಟ ಏರುಪೇರಾಗಿ ತಲೆ ಸುತ್ತಲು ಶುರುವಾಯಿತು. ವೈದ್ಯರು ಬಂದು ನೋಡಿ ಒಳಗೆ ಕರೆದುಕೊಂಡು ಹೋದರು, ಅಲ್ಲಿಂದ ವಾಪಸ್ ಬರಲಿಲ್ಲ. ಇಷ್ಟೆಲ್ಲ ಒಮ್ಮೆಲೇ ಮೈಮೇಲೆ ಬಿದ್ದದ್ದು ತಡೆಯಲಾಗಲಿಲ್ಲ ಅಂತ ಅವಳೇ ಆಮೇಲೆ ಹೇಳಿಕೊಂಡಳು.

ಟಿವಿಯಲ್ಲಿ ಕೂತ ಹಳೆಯ ಚಾಂಪಿಯನ್ ಜಾನ್ ಮೆಕೆನ್ರೊ ‘ಒತ್ತಡ ಜಾಸ್ತಿ ಆಯಿತೇನೋ’ ಎಂಬರ್ಥದ ಮಾತಾಡಿ ಬೈಸಿಕೊಂಡರು. ಹೆದರಿಕೆ ಇದ್ದಿದ್ದರೂ ಅದರಲ್ಲಿ ನಾಚಿಕೆಪಡುವಂಥದ್ದೇನು? ಒಂದು ತಿಂಗಳ ಹಿಂದೆ ಗಣಿತದ ಪುಸ್ತಕ ಹಿಡಿದಿದ್ದ ಹುಡುಗಿ. ನನಗೆ ಮುಖ್ಯ ಅನ್ನಿಸೋದು ಅವಳ ದೇಹ. ಒಂದೇ ವಾರದಲ್ಲಿ ಆ ಮಟ್ಟದ ನಾಲ್ಕು ಪಂದ್ಯ ಅವಳು ಅದುವರೆಗೆ ಆಡಿಯೇ ಇರಲಿಲ್ಲ. ದೇಹದ ಕಥೆ ಶುರುವಾದದ್ದು ಅಲ್ಲಿ, ಯುಎಸ್ ಓಪನ್ ಅದನ್ನು ಸ್ವಲ್ಪ ದಿನ ಮರೆಸಿತು ಅಷ್ಟೇ.

ಕ್ವಾಲಿಫೈಯರ್ ಅಂದ್ರೆ ಏನು? ಅದಕ್ಕೆ ಯಾಕಿಷ್ಟು ಹವಾ?

ಯುಎಸ್ ಓಪನ್ ಮುಖ್ಯ ಸುತ್ತಿನಲ್ಲಿ 128 ಜನ. ಬಹುತೇಕ ಜಾಗ ರ‍್ಯಾಂಕ್ ಮೇಲೆ ಹೋಗುತ್ತದೆ, ಎಂಟು ವೈಲ್ಡ್ ಕಾರ್ಡ್‌ಗೆ. ಉಳಿದ ಹದಿನಾರು ಜಾಗಕ್ಕೆ ಒಂದು ವಾರ ಮೊದಲೇ ಬೇರೆ ಟೂರ್ನಿ ನಡೆಯುತ್ತದೆ. ಅದರಲ್ಲೂ 128 ಜನ. ಸತತ ಮೂರು ಪಂದ್ಯ ಗೆದ್ದವರಿಗೆ ಮಾತ್ರ ಒಳಗೆ ಪ್ರವೇಶ. ಹಾಗೆ ಬಂದವರು ಒಂದೆರಡು ಸುತ್ತು ಗೆದ್ದರೆ ಅದೇ ದೊಡ್ಡದು. ಕಪ್ ಗೆಲ್ಲಬೇಕು ಅಂದರೆ ಒಟ್ಟು ಹತ್ತು ಪಂದ್ಯ. ಬೇರೆಯವರಿಗೆ ಏಳೇ.

2021ರಲ್ಲಿ ಇವಳ ರ‍್ಯಾಂಕ್ 150. ಕೊರೋನಾ ಕಾರಣಕ್ಕೆ ಆ ವರ್ಷ ಅರ್ಹತಾ ಸುತ್ತಿಗೆ ಪ್ರೇಕ್ಷಕರನ್ನೇ ಬಿಟ್ಟಿರಲಿಲ್ಲ. ಖಾಲಿ ಕುರ್ಚಿಗಳ ಮುಂದೆ ಆಡಿದಳು. ವಾಪಸ್ ವಿಮಾನದ ಟಿಕೆಟ್ ಅರ್ಹತಾ ಸುತ್ತು ಮುಗಿಯುವ ಹೊತ್ತಿಗೇ ಬುಕ್ ಆಗಿತ್ತು. ಸೋತು ಹೋಗುತ್ತೇನೆ ಅಂತಲ್ಲ, ಲೆಕ್ಕ ಅಷ್ಟೇ. ಟಿಕೆಟ್ ಬದಲಾಯಿಸಬೇಕಾಗಿ ಬಂದದ್ದು ಒಳ್ಳೆಯ ತಲೆನೋವು ಅಂತ ಮುಂದೆ ಅವಳೇ ನಗುತ್ತಿದ್ದಳು.

ಹತ್ತು ಪಂದ್ಯಗಳ ಸ್ಕೋರ್ ಎಲ್ಲ ಒಂದೇ ಕಡೆ ಸಿಗುತ್ತಾ?

ತಗೊಳ್ಳಿ. ಅರ್ಹತಾ ಸುತ್ತಿನಲ್ಲಿ ಬಿಬಿಯಾನ್ ಸ್ಕೂಫ್ಸ್ (6-1, 6-2), ಮರಿಯಮ್ ಬೊಲ್ಕ್‌ವಾಡ್ಜೆ (6-3, 7-5), ಮಾಯರ್ ಶೆರಿಫ್ (6-1, 6-4). ಮುಖ್ಯ ಸುತ್ತಿನಲ್ಲಿ ಸ್ಟೆಫಾನಿ ಫೋಗೆಲೆ (6-2, 6-3), ಜಾಂಗ್ ಶುವಾಯ್ (6-2, 6-4), ಸಾರಾ ಸೊರಿಬೆಸ್ ಟೊರ್ಮೊ (6-0, 6-1), ಶೆಲ್ಬಿ ರೋಜರ್ಸ್ (6-2, 6-1). ಕ್ವಾರ್ಟರ್ ಫೈನಲ್‌ನಲ್ಲಿ ಬೆಲಿಂಡಾ ಬೆನ್ಸಿಚ್ (6-3, 6-4), ಸೆಮಿಯಲ್ಲಿ ಮರಿಯಾ ಸಕ್ಕಾರಿ (6-1, 6-4), ಫೈನಲ್‌ನಲ್ಲಿ ಲೇಲಾ ಫರ್ನಾಂಡಿಸ್ (6-4, 6-3).

ಇಪ್ಪತ್ತು ಸೆಟ್, ಇಪ್ಪತ್ತೂ ಅವಳದ್ದೇ. 7-5 ಆಗಿದ್ದು ಒಂದೇ ಒಂದು ಸೆಟ್, ಅದೂ ಅರ್ಹತಾ ಸುತ್ತಿನಲ್ಲಿ. 6-6 ಆದಾಗ ಆಡಿಸುವ ಟೈಬ್ರೇಕರ್ ಒಂದೂ ಇಲ್ಲ.

ಫೈನಲ್‌ನಲ್ಲಿ ಕಾಲಿಗೆ ರಕ್ತ ಬಂದು ಆಟ ನಿಲ್ಲಿಸಿದ್ರಲ್ಲ, ಅದು ನಾಟಕ ಅಂತಾರೆ?

ನಾಟಕ ಅಲ್ಲ. 11 ಸೆಪ್ಟೆಂಬರ್ 2021, ಆರ್ಥರ್ ಆಶ್ ಕ್ರೀಡಾಂಗಣ. ಎರಡನೇ ಸೆಟ್‌ನಲ್ಲಿ 5-2 ಇದ್ದಾಗ ಎರಡು ಚಾಂಪಿಯನ್‌ಶಿಪ್ ಪಾಯಿಂಟ್, ಅಂದರೆ ಗೆದ್ದರೆ ಕಪ್ಪೇ ಸಿಗುವ ಪಾಯಿಂಟ್, ಸಿಕ್ಕಿ ಕೈತಪ್ಪಿದವು. ಫರ್ನಾಂಡಿಸ್ ತನ್ನ ಸರ್ವ್ ಉಳಿಸಿಕೊಂಡು 5-3 ಮಾಡಿದಳು. ಈಗ ಎಮ್ಮಾ ಸರ್ವ್. ಒಂದು ಚೆಂಡಿಗೆ ಜಾರಿಕೊಂಡು ಹೋದಳು, ಎಡ ಮಂಡಿ ನೆಲಕ್ಕೆ ಉಜ್ಜಿ ರಕ್ತ ಸುರಿಯತೊಡಗಿತು. ಸ್ಕೋರ್ 30-40. ಅಂದರೆ ಬ್ರೇಕ್ ಪಾಯಿಂಟ್ ಎದುರಾಳಿಯದ್ದು, ಅದೊಂದು ಗೆದ್ದರೆ ಎಮ್ಮಾಳ ಸರ್ವ್‌ನ ಗೇಮ್ ಅವಳ ಪಾಲಾಗುತ್ತದೆ.

ರಕ್ತ ಸುರಿಯುತ್ತಿದ್ದರೆ ಅದನ್ನು ನಿಲ್ಲಿಸಿ ಕಟ್ಟು ಹಾಕುವವರೆಗೆ ಆಡುವ ಹಾಗಿಲ್ಲ, ಅದು ನಿಯಮ. ಆಟಗಾರ್ತಿಯ ಆಯ್ಕೆಯಲ್ಲ. ಸರ್ವ್ ಮಾಡುವ ಲಯ ತಪ್ಪುತ್ತದೆ ಅಂತ ಅವಳಿಗೂ ನಿಲ್ಲಿಸೋದು ಇಷ್ಟವಿರಲಿಲ್ಲ. ಅತ್ತ ಫರ್ನಾಂಡಿಸ್‌ಗೂ ಸಿಟ್ಟು. ಬ್ರೇಕ್ ಪಾಯಿಂಟ್ ಕೈಯಲ್ಲಿಟ್ಟುಕೊಂಡು ಕಾಯುತ್ತಾ ನಿಲ್ಲಬೇಕಲ್ಲ, ಯಾರಿಗಾದರೂ ಬರುತ್ತದೆ. ಅಧಿಕಾರಿಯ ಹತ್ತಿರ ಹೋಗಿ ಕಣ್ಣಲ್ಲಿ ನೀರು ತುಂಬಿಕೊಂಡು ವಾದ ಮಾಡಿದಳು. ಅವಳ ಜಾಗದಲ್ಲಿ ನಿಂತು ನೋಡಿದರೆ ಅದೂ ನ್ಯಾಯವೇ. ಪಟ್ಟಿ ಕಟ್ಟಿಸಿಕೊಂಡು ಬಂದ ಎಮ್ಮಾ ಆ ಬ್ರೇಕ್ ಪಾಯಿಂಟ್ ಉಳಿಸಿಕೊಂಡಳು. ಮೂರನೇ ಚಾಂಪಿಯನ್‌ಶಿಪ್ ಪಾಯಿಂಟ್‌ಗೆ ಏಸ್, ಅಂದರೆ ಎದುರಾಳಿ ಮುಟ್ಟಲಾಗದ ಸರ್ವ್, ಹೊಡೆದಳು. ಮುಗಿಯಿತು. ಒಟ್ಟು 1 ಗಂಟೆ 51 ನಿಮಿಷ.

ಪ್ರೇಕ್ಷಕರ ನಡುವೆ ವರ್ಜೀನಿಯಾ ವೇಡ್ ಕೂತಿದ್ದರು. 1977ರಲ್ಲಿ ವಿಂಬಲ್ಡನ್ ಗೆದ್ದ ಆಕೆಯ ನಂತರ ಬ್ರಿಟನ್ನಿನ ಒಬ್ಬ ಮಹಿಳೆಯೂ ಗ್ರ್ಯಾಂಡ್ ಸ್ಲ್ಯಾಮ್ ಸಿಂಗಲ್ಸ್ ಗೆದ್ದಿರಲಿಲ್ಲ. 44 ವರ್ಷ. ಬ್ರಿಟನ್ನಿನಲ್ಲಿ ಪ್ರಸಾರದ ಹಕ್ಕು ಅಮೆಜಾನ್ ಹತ್ತಿರ ಇತ್ತು, ಕೊನೇ ಗಳಿಗೆಯಲ್ಲಿ ಚಾನೆಲ್ 4 ಒಪ್ಪಂದ ಮಾಡಿಕೊಂಡು ಎಲ್ಲರಿಗೂ ಉಚಿತವಾಗಿ ತೋರಿಸಿತು. 92 ಲಕ್ಷ ಜನ ನೋಡಿದ ಗಳಿಗೆಯೂ ಇತ್ತು.

ದುಡ್ಡು ಎಷ್ಟು ಬಂತು?

25 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ. ರ‍್ಯಾಂಕ್ 150ರಿಂದ 23ಕ್ಕೆ ಹಾರಿತು. ವರ್ಷದ ಕೊನೆಗೆ ಬಿಬಿಸಿಯ ವರ್ಷದ ಕ್ರೀಡಾಪಟು ಪ್ರಶಸ್ತಿ, ಹೊಸ ವರ್ಷಕ್ಕೆ ಬ್ರಿಟನ್ ಸರ್ಕಾರದ ಗೌರವ ಎಂಬಿಇ.

## ವಾದ ವಿವಾದ

ಅದೃಷ್ಟ ಅಲ್ವಾ? ದೊಡ್ಡವರು ಯಾರೂ ಎದುರಾಗಲೇ ಇಲ್ಲ.

ಅರ್ಧ ನಿಜ. ಸೆರೆನಾ ವಿಲಿಯಮ್ಸ್ ಗಾಯದಿಂದ ಬಂದಿರಲಿಲ್ಲ. ಮೊದಲ ಸುತ್ತಿನಲ್ಲಿ ಇವಳಿಗೆ ಸಿಗಬೇಕಿದ್ದದ್ದು 13ನೇ ಶ್ರೇಯಾಂಕದ ಜೆನಿಫರ್ ಬ್ರೇಡಿ. ಬ್ರೇಡಿ ಹಿಂದೆ ಸರಿದು ಆ ಜಾಗಕ್ಕೆ ಫೋಗೆಲೆ ಬಂದಳು. ನಾಲ್ಕನೇ ಸುತ್ತಿನಲ್ಲಿ ವಿಶ್ವದ ನಂಬರ್ ಒನ್ ಆಶ್ ಬಾರ್ಟಿ ಸಿಗಬೇಕಿತ್ತು. ಬಾರ್ಟಿಯನ್ನು ಶೆಲ್ಬಿ ರೋಜರ್ಸ್ ಆಗಲೇ ಮನೆಗೆ ಕಳಿಸಿದ್ದಳು. ಒಸಾಕಾ, ಕೆರ್ಬರ್, ಸ್ವಿಟೊಲಿನಾ, ಸಬಲೆಂಕಾ ಈ ನಾಲ್ವರನ್ನೂ ಸೋಲಿಸುವ ಕೆಲಸ ಫರ್ನಾಂಡಿಸ್ ಮಾಡಿದಳು. ದಾರಿ ಯಾರದು ಕಠಿಣ ಅಂತ ಕೇಳಿದರೆ ಫರ್ನಾಂಡಿಸ್‌ಳದ್ದೇ, ಅನುಮಾನ ಬೇಡ.

ಆದರೆ ಬೆನ್ಸಿಚ್ ಅದೇ ಬೇಸಿಗೆಯಲ್ಲಿ ಟೋಕಿಯೋ ಒಲಿಂಪಿಕ್ಸ್ ಚಿನ್ನ ಗೆದ್ದು ಬಂದಿದ್ದಳು. ಸಕ್ಕಾರಿ ಅದೇ ವರ್ಷ ಫ್ರೆಂಚ್ ಓಪನ್ ಸೆಮಿಫೈನಲ್ ಆಡಿದ್ದಳು. ಇವರಿಬ್ಬರೂ ಸೇರಿ ಒಂದು ಸೆಟ್ಟೂ ಕಸಿಯಲು ಆಗಲಿಲ್ಲ. ಅದೃಷ್ಟ ಎದುರಾಳಿಯನ್ನು ಬದಲಾಯಿಸಬಹುದು. 6-1, 6-0 ಅಂತ ಸ್ಕೋರ್ ಬರೆಯಲ್ಲ.

ಆಟದಲ್ಲಿ ಅಂಥದ್ದೇನಿತ್ತು? ಶಕ್ತಿಯಂತೂ ಅಷ್ಟಿಲ್ಲ.

ಯೂಟ್ಯೂಬ್‌ನಲ್ಲಿ ಆ ಸೆಮಿಫೈನಲ್ ಹಾಕಿಕೊಂಡು ಚೆಂಡನ್ನು ಬಿಟ್ಟು ಅವಳ ಕಾಲನ್ನೇ ನೋಡಿ. ಎದುರಾಳಿ ಎರಡನೇ ಸರ್ವ್ ಮಾಡುವಾಗ ಬೇಸ್‌ಲೈನ್, ಅಂದರೆ ಅಂಗಳದ ಹಿಂದಿನ ಗೆರೆಯ ಒಳಗೇ ನಿಂತಿರುತ್ತಾಳೆ. ಚೆಂಡು ಪುಟಿದು ಏಳುತ್ತಿರುವಾಗಲೇ ಹೊಡೆಯುತ್ತಾಳೆ. ಅದರಿಂದ ಎದುರಾಳಿಗೆ ಸರ್ವ್ ಮುಗಿಸಿ ಸಾವರಿಸಿಕೊಳ್ಳಲು ಸಮಯವೇ ಸಿಗಲ್ಲ. ಎರಡು ಕೈಯ ಬ್ಯಾಕ್‌ಹ್ಯಾಂಡ್ ಸೀದಾ ಗೆರೆಗುಂಟ ಹೋಗುತ್ತದೆ, ದಿಕ್ಕು ಬದಲಾಯಿಸುವುದು ಕೊನೇ ಗಳಿಗೆಯವರೆಗೂ ಗೊತ್ತಾಗಲ್ಲ. ಸರ್ವ್ ತೀರಾ ವೇಗದ್ದಲ್ಲ, ಜಾಗ ಹುಡುಕಿ ಹಾಕುತ್ತಿದ್ದಳು.

ಇದರ ಇನ್ನೊಂದು ಮಗ್ಗುಲೂ ಇದೆ. ಇಂಥ ಆಟಕ್ಕೆ ಕಾಲು ಚುರುಕಾಗಿರಬೇಕು, ಮಣಿಕಟ್ಟು ಗಟ್ಟಿಯಿರಬೇಕು. ಒಂದು ಚೂರು ತಡವಾದರೂ ಚೆಂಡು ಬಲೆಗೆ. ಮುಂದೆ ಗಾಯ ಕೂತದ್ದು ಇವೇ ಜಾಗಗಳಲ್ಲಿ.

ಗೆಲ್ಲಿಸಿದ ಕೋಚನ್ನೇ ತೆಗೆದಳಲ್ಲ, ಕೃತಜ್ಞತೆ ಬೇಡವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ವಿಂಬಲ್ಡನ್‌ನಲ್ಲಿ ಜೊತೆಗಿದ್ದವರು ನೈಜೆಲ್ ಸಿಯರ್ಸ್, ಬ್ರಿಟನ್ನಿನ ಹೆಸರಾಂತ ಆಟಗಾರ ಆಂಡಿ ಮರ್ರೆಯ ಮಾವ. ಯುಎಸ್ ಓಪನ್‌ಗೆ ಬಂದವರು ಆಂಡ್ರ್ಯೂ ರಿಚರ್ಡ್‌ಸನ್. ಅವಳು ಚಿಕ್ಕವಳಿದ್ದಾಗ ಹೇಳಿಕೊಟ್ಟವರೇ. ಗೆದ್ದು ಎರಡು ವಾರದೊಳಗೆ ಅವರನ್ನು ಮುಂದುವರಿಸದಿರಲು ನಿರ್ಧಾರ ಮಾಡಿದಳು, ಅನುಭವಿ ಕೋಚ್ ಬೇಕು ಅನ್ನೋದು ಕಾರಣ. ಆಮೇಲೆ ಟಾರ್ಬೆನ್ ಬೆಲ್ಟ್ಸ್ ಸುಮಾರು ಐದು ತಿಂಗಳು. ದಿಮಿತ್ರಿ ತುರ್ಸುನೋವ್ 2022ರ ಬೇಸಿಗೆಯಿಂದ ಅಕ್ಟೋಬರ್‌ವರೆಗೆ. ಸೆಬಾಸ್ಟಿಯನ್ ಸಾಕ್ಸ್ 2023ರ ಜೂನ್‌ವರೆಗೆ. ಎಣಿಸುತ್ತಾ ಹೋದರೆ ಎರಡು ವರ್ಷದಲ್ಲಿ ಐವರು.

ಕೃತಜ್ಞತೆ ಮಾತು ನನಗೆ ಒಪ್ಪಿಗೆಯಾಗಲ್ಲ. ರಿಚರ್ಡ್‌ಸನ್ ಬಂದದ್ದು ಸೀಮಿತ ಅವಧಿಗೆ, ಅದು ಮುಗಿದಿತ್ತು. ತಾನು ಕೋಚ್‌ಗಳಿಗೆ ತುಂಬಾ ಪ್ರಶ್ನೆ ಕೇಳುತ್ತೇನೆ, ಯಾಕೆ ಹೀಗೆ ಅಂತ ಬೆನ್ನು ಹತ್ತುತ್ತೇನೆ, ಅದಕ್ಕೆ ಕೆಲವರಿಗೆ ಕಷ್ಟವಾಯಿತೇನೋ ಅಂತ ಅವಳೇ 2023ರಲ್ಲಿ ಹೇಳಿದ್ದಾಳೆ. ತಂದೆಯ ರೀತಿಯೂ ಹಾಗೇ. ಒಬ್ಬರಿಂದ ಕಲಿಯಬೇಕಾದ್ದು ಕಲಿತು ಮುಂದಿನವರ ಹತ್ತಿರ ಹೋಗುವುದು. ಜೂನಿಯರ್ ಮಟ್ಟದಲ್ಲಿ ಅದು ನಡೆಯಿತು. ಗ್ರ್ಯಾಂಡ್ ಸ್ಲ್ಯಾಮ್ ಗೆದ್ದ ಮೇಲೆ, ಪ್ರತಿ ವಾರ ಸೋಲುತ್ತಿರುವಾಗ, ಒಬ್ಬರು ನಿಂತು ಕಟ್ಟಬೇಕಿತ್ತು. ಇದು ಅವಳ ಪಾಲಿನ ತಪ್ಪು ಅಂತಲೇ ನನ್ನ ಅಭಿಪ್ರಾಯ. ಹುಡುಗಿಯ ಅಭಿಮಾನಿಗಳು ಬೈದರೂ ಪರವಾಗಿಲ್ಲ.

ಜಾಹೀರಾತು ಜಾಸ್ತಿಯಾಗಿ ಆಟ ಹಾಳಾಯ್ತು ಅಂತಾರೆ?

ಟಿಫನಿ, ಡಿಯೋರ್, ಬ್ರಿಟಿಷ್ ಏರ್‌ವೇಸ್, ಎವಿಯಾನ್, ವೊಡಾಫೋನ್, ಪೋರ್ಷೆ. ಪಟ್ಟಿ ಉದ್ದ ಇದೆ, ಒಪ್ಪಿದೆ. ಫೈನಲ್ ಆಗಿ ಎರಡೇ ದಿನಕ್ಕೆ ನ್ಯೂಯಾರ್ಕ್‌ನ ಮೆಟ್ ಗಾಲಾ ಅನ್ನೋ ದೊಡ್ಡ ಫ್ಯಾಷನ್ ಸಮಾರಂಭಕ್ಕೂ ಹೋದಳು. ಆ ಫೋಟೋ ನೋಡಿದವರಿಗೆ ಸೋತಾಗಲೆಲ್ಲ ಅದೇ ನೆನಪಾಗುತ್ತದೆ.

ಆದರೆ ಸೊಂಟಕ್ಕೆ, ಮಣಿಕಟ್ಟಿಗೆ ಫೋಟೋ ಶೂಟ್‌ನಿಂದ ಗಾಯ ಆಗಲ್ಲ. ಅಭ್ಯಾಸದ ದಿನ ತಪ್ಪಿಸಿ ಶೂಟಿಂಗ್‌ಗೆ ಹೋಗಿಲ್ಲ ಅಂತ ಅವಳ ಕಡೆಯವರು ಹೇಳುತ್ತಲೇ ಬಂದಿದ್ದಾರೆ. ಗಂಡು ಆಟಗಾರ ಗಡಿಯಾರದ ಜಾಹೀರಾತು ಮಾಡಿದರೆ ಯಾರೂ ಕೇಳಲ್ಲ ಅನ್ನೋದನ್ನೂ ಸ್ವಲ್ಪ ಯೋಚಿಸಿ.

ಹಾಗಾದ್ರೆ 2022ರಲ್ಲಿ ನಿಜಕ್ಕೂ ಆಗಿದ್ದೇನು?

ತಳಪಾಯ ಹಾಕುವ ಮೊದಲೇ ಗೃಹಪ್ರವೇಶ ಆಗಿತ್ತು. ಸ್ವಲ್ಪ ಲೆಕ್ಕ ನೋಡಿ. ಯುಎಸ್ ಓಪನ್ ಅವಳ ಬದುಕಿನ ನಾಲ್ಕನೇ ದೊಡ್ಡ ಟೂರ್ನಿ: ನಾಟಿಂಗ್‌ಹ್ಯಾಮ್, ವಿಂಬಲ್ಡನ್, ಸ್ಯಾನ್ ಹೊಸೆ, ಆಮೇಲೆ ಅದೇ. ಗ್ರ್ಯಾಂಡ್ ಸ್ಲ್ಯಾಮ್ ಬಿಟ್ಟು ಮಾಮೂಲಿ ಡಬ್ಲ್ಯುಟಿಎ ಟೂರ್ನಿಯಲ್ಲಿ ಮುಖ್ಯ ಸುತ್ತಿನ ಒಂದು ಪಂದ್ಯವನ್ನೂ ಆಗ ಗೆದ್ದಿರಲಿಲ್ಲ! ಆ ಗೆಲುವು ಬಂದದ್ದು 2021ರ ಅಕ್ಟೋಬರ್‌ನಲ್ಲಿ, ರೊಮೇನಿಯಾದ ಕ್ಲುಜ್‌ನಲ್ಲಿ, ಪೊಲೊನಾ ಹೆರ್ಕೊಗ್ ವಿರುದ್ಧ. ಅಂದರೆ ಬೇರೆಯವರು ಮೂರು ನಾಲ್ಕು ವರ್ಷ ಸಣ್ಣ ಊರುಗಳಲ್ಲಿ ಸೋತು ಗೆದ್ದು ಕಲಿಯುವ ಪಾಠವನ್ನು ಇವಳು ಚಾಂಪಿಯನ್ ಆದ ಮೇಲೆ, ಎಲ್ಲರ ಕಣ್ಣೆದುರು, ಕಲಿಯಬೇಕಾಯಿತು.

ಅದರ ಮೇಲೆ ದೇಹ. ಆಸ್ಟ್ರೇಲಿಯನ್ ಓಪನ್‌ನಲ್ಲಿ ಮೊದಲ ಸುತ್ತಲ್ಲಿ ಸ್ಲೋನ್ ಸ್ಟೀಫನ್ಸ್‌ಳನ್ನು ಸೋಲಿಸಿ, ಎರಡನೇ ಸುತ್ತಲ್ಲಿ ಕೈಯ ಬೊಬ್ಬೆಯಿಂದ ರಾಕೆಟ್ ಹಿಡಿಯಲಾಗದೆ ಡಂಕಾ ಕೊವಿನಿಚ್‌ಗೆ ಸೋತಳು. ಬಲಗೈ ಫೋರ್‌ಹ್ಯಾಂಡ್ ಹೊಡೆಯಲಾಗದೆ ಬರೀ ಸ್ಲೈಸ್ (ಚೆಂಡನ್ನು ಕೆಳಗಿನಿಂದ ಕತ್ತರಿಸಿದ ಹಾಗೆ ನಿಧಾನಕ್ಕೆ ಹೊಡೆಯೋದು) ಮಾಡುತ್ತಾ ಒಂದು ಸೆಟ್ ಗೆದ್ದದ್ದೂ ಅದೇ ಪಂದ್ಯದಲ್ಲಿ. ಮೆಕ್ಸಿಕೋದ ಗ್ವಾಡಲಹಾರಾದಲ್ಲಿ ಡಾರಿಯಾ ಸ್ಯಾವಿಲ್ ಜೊತೆ ಮೂರೂವರೆ ಗಂಟೆ ಆಡಿ, ಮೂರನೇ ಸೆಟ್‌ನಲ್ಲಿ ಸೊಂಟದ ನೋವಿನಿಂದ ಬಿಟ್ಟಳು. ರೋಮ್‌ನಲ್ಲಿ ಬೆನ್ನು, ನಾಟಿಂಗ್‌ಹ್ಯಾಮ್‌ನಲ್ಲಿ ಪಕ್ಕೆ. ಪ್ರತಿ ಸಲವೂ ಬೇರೆ ಜಾಗ, ಅದೇ ಕಾರಣ. ವರ್ಷವಿಡೀ ಆಡಿ ಹದಗೊಂಡ ಮೈ ಅಲ್ಲ ಅದು.

ಒಳ್ಳೆಯ ದಿನಗಳೂ ಇದ್ದವು. ಸಿನ್ಸಿನಾಟಿಯಲ್ಲಿ ಸೆರೆನಾಳನ್ನು 6-4, 6-0, ಮರುದಿನ ಅಜರೆಂಕಾಳನ್ನು 6-0, 6-2. ಹಾಗೆ ನೋಡಿದರೆ ಅದೇ ಜುಲೈನಲ್ಲಿ ರ‍್ಯಾಂಕ್ 10 ಮುಟ್ಟಿತ್ತು.

ಒಂದೇ ಸೋಲಿಗೆ ರ‍್ಯಾಂಕ್ 11ರಿಂದ 83ಕ್ಕೆ ಬೀಳುತ್ತಾ? ಇದ್ಯಾವ ನ್ಯಾಯ?

ರ‍್ಯಾಂಕ್ ಅನ್ನೋದು ಹಿಂದಿನ 52 ವಾರಗಳ ಅಂಕಗಳ ಮೊತ್ತ. ಹಿಂದಿನ ವರ್ಷದ ಯುಎಸ್ ಓಪನ್‌ನಿಂದ ಅವಳ ಖಾತೆಯಲ್ಲಿ 2,040 ಅಂಕ ಇತ್ತು, ಗೆದ್ದಿದ್ದಕ್ಕೆ 2,000, ಅರ್ಹತಾ ಸುತ್ತಿಗೆ 40. 2022ರ ಯುಎಸ್ ಓಪನ್ ಮೊದಲ ಸುತ್ತಲ್ಲೇ ಅಲಿಝೆ ಕೊರ್ನೆಗೆ 3-6, 3-6ರಲ್ಲಿ ಸೋತಾಗ ಅದಷ್ಟೂ ಒಂದೇ ಏಟಿಗೆ ಹೋಯಿತು. ಬೇರೆ ಟೂರ್ನಿಗಳಲ್ಲಿ ಸೇರಿಸಿಕೊಂಡದ್ದು ಕಡಿಮೆ. ಹಾಗಾಗಿ 10, 11 ಅನ್ನೋ ರ‍್ಯಾಂಕೇ ಸ್ವಲ್ಪ ಮೋಸದ್ದು, 83 ಅವಳ ಆ ವರ್ಷದ ನಿಜವಾದ ಆಟ. ಸೋತ ಮೇಲೆ ಪತ್ರಿಕಾಗೋಷ್ಠಿಯಲ್ಲಿ ಅವಳ ಮಾತಿನಲ್ಲಿ ಬೇಸರದ ಜೊತೆ ಒಂಥರಾ ಹಗುರವೂ ಇತ್ತು. ಎಲ್ಲರೂ ತನ್ನನ್ನೇ ಗುರಿ ಮಾಡಿಕೊಂಡು ಆಡುವ ಕಾಟ ಇನ್ನು ಇರಲ್ಲ ಅನ್ನೋ ಥರ.

ಮೂರು ಆಪರೇಶನ್ ಆಯ್ತಂತೆ, ಒಟ್ಟಿಗೇನಾ?

2023ರ ಮೇ ತಿಂಗಳಲ್ಲಿ. ಎರಡೂ ಕೈಗಳ ಮಣಿಕಟ್ಟಿನ ಭಾಗ, ಎಡಗಾಲಿನ ಹಿಮ್ಮಡಿಯ ಗಂಟು. ಕೆಲವೇ ದಿನಗಳ ಅಂತರದಲ್ಲಿ. ಪಟ್ಟಿ ಸುತ್ತಿದ ಕೈಗಳ ಫೋಟೋ ತಾನೇ ಹಾಕಿದ್ದಳು. ಆ ವರ್ಷದ ಫ್ರೆಂಚ್, ವಿಂಬಲ್ಡನ್, ಯುಎಸ್ ಮೂರೂ ತಪ್ಪಿದವು, ರ‍್ಯಾಂಕ್ ಮುನ್ನೂರರ ಆಸುಪಾಸಿಗೆ ಇಳಿಯಿತು. ಯುಎಸ್ ಓಪನ್ ಗೆಲ್ಲದಿದ್ದರೇ ಚೆನ್ನಾಗಿತ್ತು ಅಂತ ಒಮ್ಮೊಮ್ಮೆ ಅನ್ನಿಸಿದ್ದೂ ಉಂಟು ಅಂತ ಆ ದಿನಗಳ ಒಂದು ಸಂದರ್ಶನದಲ್ಲಿ ಹೇಳಿಕೊಂಡಳು. ಅದನ್ನು ಸೊಕ್ಕು ಅಂದವರೂ ಇದ್ದಾರೆ.

ಆಂಡಿ ಮರ್ರೆಗೆ ಕೈಕೊಟ್ಟಳಲ್ಲ?

2024ರ ವಿಂಬಲ್ಡನ್. ಮರ್ರೆಗೆ ಅದು ಅಲ್ಲಿನ ಕೊನೆಯ ಸಲ, ಇಬ್ಬರೂ ಮಿಶ್ರ ಡಬಲ್ಸ್ ಆಡಬೇಕಿತ್ತು. ಆ ದಿನ ಬೆಳಿಗ್ಗೆ ಬಲ ಮಣಿಕಟ್ಟು ಬಿಗಿಯಾಗಿದೆ ಅಂತ ಹಿಂದೆ ಸರಿದಳು. ಮರುದಿನ ಸಿಂಗಲ್ಸ್ ನಾಲ್ಕನೇ ಸುತ್ತು ಇತ್ತು. ಒಂದು ವರ್ಷದ ಹಿಂದೆ ಆಪರೇಶನ್ ಆದ ಕೈ ಅದು. ಮರ್ರೆಗೆ ಬೇಸರ ಆಗಿರುತ್ತದೆ, ಆಗಬೇಕಾದ್ದೇ. ಆದರೂ ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಸಿಂಗಲ್ಸ್‌ನಲ್ಲಿ ಲುಲು ಸನ್‌ಗೆ ಸೋತದ್ದು ಬೇರೆ ಮಾತು.

ಕೊನೆಗೆ ಹೇಳಿ, ಒಂದೇ ಸ್ಲ್ಯಾಮ್‌ನ ಮಿಂಚು ಅಂತ ಬರೆದುಬಿಡಬಹುದಾ?

ಬರೆಯುವವರು ಬರೆದಾಗಿದೆ. ನಾನು ಬರೆಯಲ್ಲ. 2021ರ ನಂತರ 2025ರ ಕೊನೆಯವರೆಗೂ ಇನ್ನೊಂದು ಪ್ರಶಸ್ತಿ ಬಂದಿಲ್ಲ, ಅದು ದಾಖಲೆ. ಆದರೆ ಆ 2021ರ ಮೂರು ವಾರಗಳನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಮಾತ್ರ ನೋಡಿ. ಹದಿನೆಂಟಕ್ಕೆ ಶಾಲೆ ಮುಗಿಸಿ ವೃತ್ತಿಗೆ ಇಳಿದ ಹುಡುಗಿ. ಇಪ್ಪತ್ತಕ್ಕೆ ಮೂರು ಆಪರೇಶನ್. ಇಪ್ಪತ್ತೊಂದಕ್ಕೆ ಈಸ್ಟ್‌ಬೋರ್ನ್‌ನಲ್ಲಿ ಜೆಸಿಕಾ ಪೆಗುಲಾಳನ್ನು ಸೋಲಿಸಿ ಮೊದಲ ಹತ್ತರೊಳಗಿನ ಆಟಗಾರ್ತಿಯ ವಿರುದ್ಧ ಮೊದಲ ಗೆಲುವು. ಇಪ್ಪತ್ತೆರಡಕ್ಕೆ ಮಿಯಾಮಿಯಲ್ಲಿ ಕ್ವಾರ್ಟರ್ ಫೈನಲ್, ವಿಂಬಲ್ಡನ್ ಮೂರನೇ ಸುತ್ತಿನಲ್ಲಿ ನಂಬರ್ ಒನ್ ಸಬಲೆಂಕಾಳ ಜೊತೆ 6-7, 4-6ರ ಜಿದ್ದಾಜಿದ್ದಿ. ಬೇರೆ ಯಾವ ಹುಡುಗಿಯ ಹೆಸರು ಹಾಕಿ ಇದನ್ನು ತೋರಿಸಿದರೂ ‘ಪರವಾಗಿಲ್ಲ, ನಿಧಾನಕ್ಕೆ ಮೇಲೆ ಬರ್ತಿದಾಳೆ’ ಅನ್ನುತ್ತೀರಿ, ಅಲ್ವಾ?